ಪೂಜ್ಯಕ್ಕೆ ಬೆಲೆಯಿಲ್ಲವಂತೆ!

ಪಕ್ಕದ ಮನೆಯ ಹುಡುಗಿ ಆರನೆಯ ಇಯತ್ತೆ. ಸಂಜೆಯಾದರೆ ಗಣಿತದ ನೋಟಬುಕ್ ಹಿಡಿದುಕೊಂಡು ನಮ್ಮ ಕಟ್ಟೆಗೆ ಬರುತ್ತಾಳೆ. ಮೊನ್ನೆ ತಂದ ಪುಟದಲ್ಲಿ ಎರಡು ಕೆಂಪು ಗುರುತಿದ್ದವು. ಮೇಲಿನ ಲೆಕ್ಕದಲ್ಲಿ 4.25ಕ್ಕೆ 2.25 ಕೂಡಿಸಿ 6.50 ಎಂದು ಬರೆದಿದ್ದಳು. ಆ ಸೊನ್ನೆಯ ಮೇಲೆ ಕೆಂಪು ಅಡ್ಡಗೆರೆ, ಪಕ್ಕದಲ್ಲಿ ‘ಬೆಲೆ ಇಲ್ಲ’ ಎಂಬ ಷರಾ. ಕೆಳಗಿನ ಲೆಕ್ಕದಲ್ಲಿ 618ನ್ನು 6ರಿಂದ ಭಾಗಿಸಿ 13 ಎಂದು ಬರೆದಿದ್ದಳು. ಅದಕ್ಕೆ ಉದ್ದನೆಯ ಕಾಟು, ಅರ್ಧ ಅಂಕವೂ ಇಲ್ಲ. ನಡುವಿನ ಸೊನ್ನೆ ಎಲ್ಲಿ ಹೋಯಿತು ಎಂದು ಕೇಳಿದೆ. “ಒಂದರಾಗ ಆರು ಹೋಗಂಗಿಲ್ಲ, ಸೊನ್ನಿ ಬಂತು. ಸೊನ್ನಿಗೆ ಬೆಲಿ ಇಲ್ಲಲ್ಲ ಕಾಕಾ, ಅದಕ್ಕ ಬಿಟ್ಟೆ” ಅಂದಳು.

ನಾನು ಆ ಹುಡುಗಿಯ ಪರ. ಮೇಲಿನ ಲೆಕ್ಕದಲ್ಲಿ ಕಲಿಸಿದ್ದನ್ನು ಅವಳು ಕೆಳಗಿನ ಲೆಕ್ಕದಲ್ಲಿ ಪಾಲಿಸಿದ್ದಾಳೆ, ಅಷ್ಟೆ. ಒಂದೇ ಮಾತು ಒಂದು ಕಡೆ ಗುರುವಿನ ಬಾಯಲ್ಲಿ ಬಂದರೆ ನಿಯಮ, ಇನ್ನೊಂದು ಕಡೆ ಮಗುವಿನ ಕೈಯಲ್ಲಿ ಬಂದರೆ ತಪ್ಪು! ಇದರಲ್ಲಿ ಆ ಶಿಕ್ಷಕಿಯ ತಪ್ಪು ಹುಡುಕಲು ನಾನು ಹೊರಟಿಲ್ಲ. ಅವರೂ ಅದನ್ನು ಯಾರಿಂದಲೋ ಕೇಳಿ ಕಲಿತವರು. ಟ್ಯೂಷನ್ನಿನಲ್ಲಿ, ಗೈಡಿನಲ್ಲಿ, ಮನೆಯಲ್ಲಿ ಪಾಠ ಹೇಳುವ ಅಪ್ಪ-ಅವ್ವಂದಿರ ಬಾಯಲ್ಲಿ, ಎಲ್ಲ ಕಡೆ ಇದೇ ಮಂತ್ರ: ಬಿಂದುವಿನ ಬಲಕ್ಕೆ ಕೊನೆಯ ಸೊನ್ನೆಗೆ ಬೆಲೆ ಇಲ್ಲ, ಸಂಖ್ಯೆಯ ಎಡಕ್ಕೆ ಮೊದಲ ಸೊನ್ನೆಗೆ ಬೆಲೆ ಇಲ್ಲ. ಷರತ್ತುಗಳು ಮಗುವಿನ ತಲೆಯಿಂದ ಎರಡೇ ದಿನದಲ್ಲಿ ಉದುರಿಹೋಗುತ್ತವೆ. ‘ಸೊನ್ನೆಗೆ ಬೆಲೆ ಇಲ್ಲ’ ಎಂಬುದೊಂದು ಗಟ್ಟಿಯಾಗಿ ಉಳಿಯುತ್ತದೆ. ನನ್ನ ತಕರಾರು ಈ ಮಂತ್ರದ ಮೇಲೆ. ಇದು ಅರ್ಧ ಸತ್ಯ, ಮತ್ತು ಈ ಅರ್ಧ ಸತ್ಯದಿಂದ ಆಗುವ ಹಾನಿ ಒಂದು ಪೂರ್ತಿ ಸುಳ್ಳಿನಿಂದಲೂ ಆಗಲಾರದು.

ತಮಾಷೆಯೆಂದರೆ ಮರಾಠಿಯಲ್ಲಿ ಸೊನ್ನೆಗೆ ‘ಪೂಜ್ಯ’ ಎಂಬ ಹಳೆಯ ಹೆಸರೂ ಇದೆ. ಎರಡು ಭಾಷೆ ಒಂದೇ ಓಣಿಯಲ್ಲಿ ಬಾಳುವ ಬೆಳಗಾವಿಯಲ್ಲಿ ನಮ್ಮ ಹಿರಿಯರ ಕನ್ನಡದಲ್ಲೂ ಅದು ಸೇರಿಕೊಂಡಿತ್ತು. ಪರೀಕ್ಷೆಯ ದಿನ ಮೊಮ್ಮಗನ ಸಪ್ಪೆ ಮುಖ ನೋಡಿದ ಅಜ್ಜಿ “ಏನಪಾ, ಪೂಜ್ಯಾ ಬಂತೇನ?” ಎಂದು ಕೇಳುತ್ತಿದ್ದಳು. ಹೆಸರು ಪೂಜ್ಯ, ಬೆಲೆ ಮಾತ್ರ ಇಲ್ಲವಂತೆ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. 6.5 ಮತ್ತು 6.50 ಪರಿಮಾಣದಲ್ಲಿ ಸಮ. ಸಂಖ್ಯಾರೇಖೆಯ ಮೇಲೆ ಎರಡಕ್ಕೂ ಒಂದೇ ಜಾಗ. ಇದರಲ್ಲಿ ಜಗಳವಿಲ್ಲ. ಜಗಳ ಇರುವುದು ‘ಸಮ’ ಎಂಬುದರಿಂದ ‘ವ್ಯರ್ಥ’ ಎಂಬುದಕ್ಕೆ ಹಾರುವ ಜಿಗಿತದಲ್ಲಿ.

ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಖಾನಾಪುರದ ಬಸ್ಸು ಬಂದು ನಿಲ್ಲುವುದನ್ನು ನೋಡಿದವರಿಗೆ ಸೊನ್ನೆಯ ಕೆಲಸ ಬೇರೆ ಹೇಳಿಕೊಡಬೇಕಿಲ್ಲ. ಬಸ್ಸು ಪೂರಾ ನಿಲ್ಲುವ ಮೊದಲೇ ಕಿಟಕಿಯೊಳಗಿಂದ ದಸ್ತಿ, ಟವೆಲ್, ಕೆಲವೊಮ್ಮೆ ಮಗುವಿನ ಚಪ್ಪಲಿ ಕೂಡ ಸೀಟಿನ ಮೇಲೆ ಬೀಳುತ್ತವೆ. ಆ ಸೀಟಿನಲ್ಲಿ ಯಾರೂ ಕೂತಿಲ್ಲ. ಆದರೆ ಆ ಸೀಟು ಖಾಲಿಯೂ ಅಲ್ಲ. ದಸ್ತಿಗೇನು ಟಿಕೆಟ್ಟಿದೆಯೆ ಎಂದು ಯಾರಾದರೂ ಎತ್ತಿ ಬಿಸಾಡಿದರೆ ಹಿಂದಿನವರು ಮುಂದೆ ಸರಿದು ಕೂರುತ್ತಾರೆ, ಮುಂದಿನ ಹದಿನೈದು ನಿಮಿಷ ಬಸ್ಸು ಹೊರಡುವುದಿಲ್ಲ. 103ರಲ್ಲಿ ಸೊನ್ನೆ ಎಂದರೆ ಹತ್ತರ ಸೀಟಿನ ಮೇಲೆ ಹಾಕಿದ ದಸ್ತಿ. ಅದನ್ನು ಎತ್ತಿದ ಕೂಡಲೇ ನೂರರ ಸೀಟಿನಲ್ಲಿದ್ದ ಒಂದು ಹತ್ತರ ಸೀಟಿಗೆ ಸರಿಯಿತು, 103 ಹೋಗಿ 13 ಆಯಿತು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಕಟ್ಟಿದ್ದು 1204ರಲ್ಲಿ, ರಟ್ಟ ಅರಸರ ಕಾಲದಲ್ಲಿ. ದಸ್ತಿ ಎತ್ತಿದರೆ 124, ರಟ್ಟರು ಹುಟ್ಟುವ ಎಷ್ಟೋ ಶತಮಾನ ಮೊದಲೇ ಬಸದಿ ತಯಾರು!

ಹಳೆಯ ಕಾಲದಲ್ಲಿ ಈ ದಸ್ತಿಯೇ ಬೇಕಾಗಿರಲಿಲ್ಲ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನದು ಬಹಳ ಹಳೆಯದು. ಅದರಲ್ಲಿ ಎಂಬತ್ತನೆಯ ವರ್ಷ ಎಂಬುದನ್ನು ಅಕ್ಷರಗಳಲ್ಲಿ ಬರೆದಿದೆ. ಅಂಕಿಯಲ್ಲಿ ಬರೆಯುವುದಾದರೂ ಬ್ರಾಹ್ಮಿಯ ಹಳೆಯ ಕ್ರಮದಲ್ಲಿ ಹತ್ತು, ಇಪ್ಪತ್ತು, ಎಂಬತ್ತು, ನೂರು ಎಲ್ಲಕ್ಕೂ ಪ್ರತ್ಯೇಕ ಚಿಹ್ನೆ ಇದ್ದವು. ಪ್ರತಿಯೊಬ್ಬ ಪ್ರಯಾಣಿಕನೂ ತನ್ನ ಸೀಟಿನ ಸಂಖ್ಯೆಯನ್ನು ಹಣೆಗೆ ಅಂಟಿಸಿಕೊಂಡು ಬಂದ ಹಾಗೆ. ಬರೀ ಒಂಬತ್ತು ಅಂಕಿ ಇಟ್ಟುಕೊಂಡು, ಕೂತ ಜಾಗದಿಂದಲೇ ಬೆಲೆ ಹೇಳುವ ಪದ್ಧತಿ ಬಂದ ಮೇಲೆ ಖಾಲಿ ಜಾಗಕ್ಕೊಂದು ಗುರುತು ಬೇಕಾಯಿತು. ಗ್ವಾಲಿಯರ್‌ನ ಚತುರ್ಭುಜ ದೇವಸ್ಥಾನದ 876ರ ಶಾಸನದಲ್ಲಿ ತೋಟದ ಅಳತೆಯ 270ರಲ್ಲಿ ಆ ಪುಟ್ಟ ವೃತ್ತ ಈಗಲೂ ಕಾಣುತ್ತದೆ.

ಈಗ ಬಿಂದುವಿನ ಬಲಕ್ಕೆ ಬರೋಣ. ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಮಹದಾಯಿ ಜಲವಿವಾದ ನ್ಯಾಯಾಧಿಕರಣ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀರು ಹಂಚಿತು. ಖಾನಾಪುರ ತಾಲ್ಲೂಕಿನ ಕಳಸಾ ಹಳ್ಳದಿಂದ 1.72, ಬಂಡೂರಿಯಿಂದ 2.18, ಎರಡೂ ಸೇರಿ ಮಲಪ್ರಭೆಗೆ ತಿರುಗಿಸಲು 3.9. ಕಣಿವೆಯೊಳಗಿನ ಬಳಕೆಗೆ 1.5. ಜಲವಿದ್ಯುತ್ತಿಗೆ 8.02. ಈ 8.02ರ ನಡುವೆ ಕೂತ ಸೊನ್ನೆಯನ್ನು ನೋಡಿ. ಚಹಾದಂಗಡಿಯಲ್ಲಿ ಪೇಪರ್ ಹಿಡಿದವರೊಬ್ಬರು ಅದನ್ನು ‘ಎಂಟ್ ಪಾಯಿಂಟ್ ಎರಡು’ ಎಂದು ಓದಿದ್ದನ್ನು ನಾನೇ ಕೇಳಿದ್ದೇನೆ. ಕೇಳಿದ ಯಾರೂ ತಕರಾರು ಮಾಡಲಿಲ್ಲ, ಸೊನ್ನೆ ತಾನೆ! ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 8.02ಕ್ಕೂ 8.2ಕ್ಕೂ ನಡುವೆ ಇರುವುದು 18 ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 510 ಕೋಟಿ. ಒಂದು ದಸ್ತಿ ಎತ್ತಿದ್ದಕ್ಕೆ ಹರಿದ ನೀರು ಅಷ್ಟು.

ಅದೇ ಹುಡುಗಿಗೆ ಈ ಮೂರು ಅಂಕಿ ಕೂಡಿಸಲು ಕೊಟ್ಟೆ: 3.9, 1.5, 8.02. ಅವಳು ಒಂದರ ಕೆಳಗೊಂದು ಬರೆದಳು, ಬಲಗಡೆಯ ಅಂಚು ಸರಿಯಾಗಿ ಕೂಡುವ ಹಾಗೆ. ಪೂರ್ಣಸಂಖ್ಯೆಗಳನ್ನು ನಾಲ್ಕು ವರ್ಷ ಹಾಗೇ ಬರೆದು ರೂಢಿ. ಎರಡರ ಮೇಲೆ ಐದು, ಐದರ ಮೇಲೆ ಒಂಬತ್ತು. ಕೂಡಿಸಿ, ಬಿಂದುವನ್ನು ಕೆಳಗಿನ ಸಂಖ್ಯೆಯ ಬಿಂದುವಿನ ನೇರಕ್ಕೆ ಇಳಿಸಿ 8.56 ಎಂದು ತೋರಿಸಿದಳು. ಈ ನಾಡು ದಶಕಗಟ್ಟಲೆ ಬಂದ್ ಮಾಡಿ, ಪಾದಯಾತ್ರೆ ಮಾಡಿ, ಕೋರ್ಟು ಹತ್ತಿ ಪಡೆದ ಪಾಲಿನಲ್ಲಿ 4.86 ಟಿಎಂಸಿ ನಮ್ಮ ಕಟ್ಟೆಯ ಮೇಲೆಯೇ ಇಂಗಿಹೋಯಿತು. 3.90, 1.50, 8.02 ಎಂದು ಬರೆದಿದ್ದರೆ ಅವಳಿಗೆ ತಪ್ಪಲು ದಾರಿಯೇ ಇರುತ್ತಿರಲಿಲ್ಲ. ಯಾವ ಸೊನ್ನೆಗೆ ‘ಬೆಲೆ ಇಲ್ಲ’ ಎಂದು ಷರಾ ಬರೆದರೋ ಅದೇ ಸೊನ್ನೆ ಉಳಿದ ಅಂಕಿಗಳನ್ನು ಅವರವರ ಮನೆಯಲ್ಲಿ ಕೂರಿಸುತ್ತಿತ್ತು.

ಈ ‘ಮನೆ’ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಬಿಡಿಯ ಮನೆ, ಹತ್ತರ ಮನೆ, ನೂರರ ಮನೆ ಎಂಬ ಮಾತು ಹಳೆಯ ಮಾಸ್ತರರ ಬಾಯಲ್ಲಿತ್ತು. ಖಾಲಿ ಮನೆ ಬೇರೆ, ಮನೆಯೇ ಇಲ್ಲದ ಬಯಲು ಬೇರೆ. ಪಂಚಾಯಿತಿಯವರು ಖಾಲಿ ಮನೆಗೂ ಪಟ್ಟಿ ವಸೂಲು ಮಾಡುತ್ತಾರೆ!

ದಶಮಾಂಶವನ್ನು ನಾವು ಬಾಯಲ್ಲಿ ಓದುವ ರೀತಿಯೂ ಈ ಕೆಡುಕಿಗೆ ನೀರು ಹೊಯ್ಯುತ್ತದೆ. 13.42ನ್ನು ‘ಹದಿಮೂರು ಪಾಯಿಂಟ್ ನಲವತ್ತೆರಡು’ ಎನ್ನುತ್ತೇವೆ. 0.125 ‘ಪಾಯಿಂಟ್ ನೂರಾ ಇಪ್ಪತ್ತೈದು’. ಹೀಗೆ ಕೇಳಿ ಬೆಳೆದ ಮಗುವಿಗೆ 0.125 ದೊಡ್ಡದೋ 0.5 ದೊಡ್ಡದೋ ಎಂದು ಕೇಳಿ. ನೂರಾ ಇಪ್ಪತ್ತೈದರ ಮುಂದೆ ಐದು ಯಾವ ಲೆಕ್ಕ? ಮೆಲ್ಬರ್ನ್‌ನಲ್ಲಿ ಕೇ ಸ್ಟೇಸಿ, ವಿಕಿ ಸ್ಟೈನ್ಲ್ ಎಂಬ ಇಬ್ಬರು ಸಂಶೋಧಕಿಯರು ಮಕ್ಕಳ ಈ ತಪ್ಪುಗಳನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಉದ್ದವಿದ್ದದ್ದೇ ದೊಡ್ಡದು ಎಂದು ನಂಬುವ ಮಕ್ಕಳು ಒಂದು ಗುಂಪಾದರೆ, ಗಿಡ್ಡದ್ದೇ ದೊಡ್ಡದು ಎಂದು ನಂಬುವವರು ಇನ್ನೊಂದು ಗುಂಪು. ಹಾಗಾಗಿ ಇದು ನಮ್ಮೊಬ್ಬರ ರೋಗವಲ್ಲ, ಅದೊಂದು ಸಮಾಧಾನ.

ಆದರೆ ಇದಕ್ಕೆ ಮದ್ದು ಬೆಳಗಾವಿಯ ಶಹಾಪುರದ ಸರಾಫ ಅಂಗಡಿಯಲ್ಲಿ ಇದೆ. ತಂಗಿಯ ಮಗಳ ಮದುವೆಗೆ ಸರ ನೋಡಲು ಹೋಗಿದ್ದೆವು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಕೆಂಪು ಅಂಕಿ: 10.050. ಸರಾಫರು ಅದನ್ನು “ಹತ್ತು ಗ್ರಾಮ್ ಐವತ್ತು ಮಿಲಿ” ಎಂದು ಓದಿದರು. ಬಿ.ಕಾಂ. ಮುಗಿಸಿದ ಮದುವೆಯ ಹುಡುಗಿ ಚೀಟಿಯ ಮೇಲೆ 10.5 ಎಂದು ಬರೆದುಕೊಂಡಳು. ಸರಾಫರು ಕತ್ತು ಚಾಚಿ ನೋಡಿ “ಅದು ಐನೂರು ಮಿಲಿ ಆತವಾ, ನಾ ಹೇಳಿದ್ದು ಐವತ್ತು” ಎಂದು ತಾವೇ ತಿದ್ದಿದರು. ವ್ಯತ್ಯಾಸ 0.45 ಗ್ರಾಂ, ಒಂದು ಸಣ್ಣ ಮೂಗುಬೊಟ್ಟಿನ ಬಂಗಾರ. ಅವರ ತಕ್ಕಡಿ ಬಿಂದುವಿನ ಬಲಕ್ಕೆ ಯಾವಾಗಲೂ ಮೂರು ಮನೆ ತೋರಿಸುತ್ತದೆ. ಹತ್ತೂವರೆ ಗ್ರಾಮಿದ್ದರೂ 10.500, ಬರೀ ಹತ್ತಿದ್ದರೂ 10.000. ಮೂರೂ ಮನೆ ಯಾವಾಗಲೂ ತುಂಬಿರುವುದರಿಂದ ಅವರು ಬಲಭಾಗವನ್ನು ಪೂರ್ಣಸಂಖ್ಯೆಯ ಹಾಗೆ ‘ಐವತ್ತು’, ‘ಐನೂರು’ ಎಂದು ಓದಿದರೂ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಶಾಲೆ ಹೊಡೆದುಹಾಕುವ ಸೊನ್ನೆಯ ಮೇಲೆ ಇಡೀ ಸರಾಫ ಕಟ್ಟೆಯ ನಂಬಿಕೆ ನಿಂತಿದೆ. ಬಿ.ಕಾಂ. ಮಾಡಿದವಳು ಎಡವಿದಲ್ಲಿ ಸರಾಫರು ಯಾಕೆ ಎಡವುವುದಿಲ್ಲ ಎಂದರೆ, ಅವರು ಬೆಲೆ ಇಲ್ಲದ ಸೊನ್ನೆಯನ್ನು ಇನ್ನೂ ನೋಡಿಲ್ಲ.

ರೂಪಾಯಿಯದ್ದೂ ಇದೇ ಕಥೆ. ಬೆಳಗಾವಿ 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳಿಗೆ, 1957ರ ಏಪ್ರಿಲ್ 1ಕ್ಕೆ ರೂಪಾಯಿ ನೂರು ನಯೇಪೈಸೆ ಆಯಿತು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಕಿರ್ದಿಯಲ್ಲಿ ಐದು ರೂಪಾಯಿ ಆರು ಪೈಯನ್ನು ಗುಮಾಸ್ತರು 5-0-6 ಎಂದು ಬರೆಯುತ್ತಿದ್ದರು. ಆಣೆ ಇಲ್ಲ ಎಂಬುದನ್ನು ಹೇಳಲು ಸೊನ್ನೆ ಬೇಕೇ ಬೇಕು, ಬಿಟ್ಟರೆ ಪೈ ಹೋಗಿ ಆಣೆಯಾಗುತ್ತಿತ್ತು, ಸಂಜೆ ರೊಕ್ಕ ತಾಳೆಯಾಗುತ್ತಿರಲಿಲ್ಲ. ಏಳನೆಯ ಇಯತ್ತೆ ಓದಿದ ಆ ಗುಮಾಸ್ತರಿಗೆ ಗೊತ್ತಿದ್ದ ಸಂಗತಿ ಇದು.

ಇಷ್ಟು ಹೊತ್ತು ಹೇಳಿದ್ದನ್ನು ಹಟ ಹಿಡಿದವರೂ ಒಪ್ಪಬಹುದು. ‘ನಡುವಿನ ಸೊನ್ನೆಯ ಮಾತು ಬಿಡಿ, ಅದು ನಮಗೂ ಗೊತ್ತು. ಕೊನೆಯದ್ದಕ್ಕೆ ಏನು ಕೆಲಸ? ಅದನ್ನು ತೆಗೆದರೆ ಯಾರೂ ಸರಿಯುವುದಿಲ್ಲ’ ಎಂದು ಅವರು ಕೇಳುತ್ತಾರೆ. ನಿಜ, ಬಸ್ಸಿನ ಕೊಟ್ಟಕೊನೆಯ ಸೀಟಿನ ದಸ್ತಿ ಎತ್ತಿದರೆ ಯಾರಿಗೂ ತೊಂದರೆಯಿಲ್ಲ. ಕೊನೆಯ ಸೊನ್ನೆ ಜಾಗ ಕಾಯುವುದಿಲ್ಲ. ಅದು ಸಾಕ್ಷಿ ಹೇಳುತ್ತದೆ.

ಕಣಕುಂಬಿಗೆ ಹೋಗೋಣ. ಮಲಪ್ರಭೆ ಹುಟ್ಟುವ ಊರು, ಮಳೆಗಾಲದಲ್ಲಿ ಛತ್ರಿಯೂ ಸೋಲುವ ಊರು. ಮಳೆಮಾಪಕ ಇರುವ ಕಡೆಯಲ್ಲೆಲ್ಲ ಒಂದೇ ಶಿಸ್ತು: ಬೆಳಿಗ್ಗೆ 8.30ಕ್ಕೆ ಹೋಗಿ, ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಓದಿ ಬರೆಯಬೇಕು. ಜನವರಿಯ ಒಂದು ಬೆಳಿಗ್ಗೆ ಪುಸ್ತಕದಲ್ಲಿ 0.0 ಎಂದು ಬರೆದಿದೆ ಅಂದುಕೊಳ್ಳಿ. ಅದರ ಅರ್ಥ ಒಬ್ಬ ಮನುಷ್ಯ ಚಳಿಯಲ್ಲಿ ಎದ್ದು, ಅಲ್ಲಿಗೆ ನಡೆದು, ಮುಚ್ಚಳ ತೆಗೆದು ನೋಡಿದ್ದಾನೆ, ಒಳಗೆ ಏನೂ ಇರಲಿಲ್ಲ. ಮರುದಿನದ ಜಾಗ ಖಾಲಿ ಇದೆ. ಅದರ ಅರ್ಥ ಅಂದು ಯಾರೂ ನೋಡಲಿಲ್ಲ, ಮಳೆ ಬಂದಿರಲೂಬಹುದು. ಸೊನ್ನೆ ಎಂದರೆ ‘ಏನೂ ಇಲ್ಲ’ ಎಂದು ಕಲಿತವನಿಗೆ ಈ ಎರಡೂ ಒಂದೇ.

ಒಂದೇ ಅಲ್ಲ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಮೂರು ದಿನದ ಮಳೆ 12.0, 0.0, 6.0. ಸರಾಸರಿ 6.0. ನಡುವಿನ ದಿನವನ್ನು ಖಾಲಿ ಬಿಟ್ಟು ಕಂಪ್ಯೂಟರಿಗೆ ಕೊಡಿ, ಎಕ್ಸೆಲ್ ಆ ಕೋಣೆಯನ್ನು ಲೆಕ್ಕಕ್ಕೇ ಹಿಡಿಯದೆ 9 ಎಂದು ಉತ್ತರ ಕೊಡುತ್ತದೆ. ಬೀಳದ ಮಳೆ ಬಿದ್ದುಬಿಟ್ಟಿತು! ಹವಾಮಾನ ಇಲಾಖೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿದ ದಿನವನ್ನು ಮಾತ್ರ ಮಳೆಯ ದಿನ ಎಂದು ಎಣಿಸುತ್ತದೆ. ‘ಸುಮಾರು 2’ ಎಂದು ಬರೆದವನ ದಿನ ಈಚೆಗೋ ಆಚೆಗೋ ಯಾರಿಗೆ ಗೊತ್ತು? 2.0 ಎಂದು ಬರೆದವನ ದಿನ ಖಂಡಿತ ಈಚೆಗೆ. ಆ ಕೊನೆಯ ಸೊನ್ನೆ ‘ಹತ್ತನೆಯ ಭಾಗದ ಮನೆಯ ಬಾಗಿಲನ್ನೂ ತಟ್ಟಿದೆ, ಒಳಗೆ ಯಾರೂ ಇರಲಿಲ್ಲ’ ಎನ್ನುತ್ತಿದೆ. ಇದೇ ಸಾಕ್ಷಿ ಕಳ್ಳನನ್ನೂ ಹಿಡಿಯುತ್ತದೆ. ಜುಲೈ ತಿಂಗಳಿಡೀ 40.0, 55.0, 60.0 ಎಂದು ಎಲ್ಲ ಓದುಗಳೂ ಸೊನ್ನೆಯಲ್ಲೇ ಮುಗಿದಿದ್ದರೆ ತಿಳಿದವರು ನಗುತ್ತಾರೆ. ಮಳೆ ಅಷ್ಟು ಶಿಸ್ತಿನಿಂದ ಸುರಿಯುವುದಿಲ್ಲ. ಗಾಜನ್ನು ಬಿಟ್ಟು ಅಂದಾಜನ್ನು ಓದಿದ್ದಾರೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತಿನ ಮುಂದೆ ಮೂವತ್ತು ವರ್ಷ ನಿಂತ ಟರ್ನರ್ ಒಬ್ಬರು ನನಗೆ ಇದನ್ನೇ ಒಂದು ಸಾಲಿನಲ್ಲಿ ಹೇಳಿದರು: “25 ಅಂದ್ರ ಪಟ್ಟಿ ಹಿಡದು ನೋಡತೀವ್ರಿ, 25.00 ಅಂದ್ರ ಮೈಕ್ರೋಮೀಟರ್ ತಗೀತೀವಿ.” 25 ಎಂದಷ್ಟೇ ಇದ್ದರೆ ಅದು 24.5ರಿಂದ 25.5ರ ನಡುವೆ ಎಲ್ಲಾದರೂ ಇರಬಹುದು. 25.00 ಎಂದರೆ 24.995ರಿಂದ 25.005ರ ನಡುವೆ. ಎರಡು ಸೊನ್ನೆ ಸೇರಿದ್ದಕ್ಕೆ ಹುಡುಕುವ ಜಾಗ ನೂರು ಪಟ್ಟು ಕಿರಿದಾಯಿತು, ಜಾಬಿನ ದರವೂ ಏರಿತು. ಮಿಲಿಮೀಟರಿನ ಡ್ರಾಯಿಂಗುಗಳಲ್ಲಿ ಎಷ್ಟು ಸಡಿಲು ಬಿಡಬಹುದು ಎಂಬುದನ್ನು ಬೇರೆಯಾಗಿ ಬರೆದು ಕೊನೆಯ ಸೊನ್ನೆಯನ್ನು ಕೈಬಿಡುವ ಪದ್ಧತಿಯೂ ಇದೆ, ಒಪ್ಪುತ್ತೇನೆ. ಆದರೆ ಅಮೆರಿಕದ ಇಂಚಿನ ಡ್ರಾಯಿಂಗ್ ಬಂದರೆ ಬಿಂದುವಿನ ಬಲಕ್ಕೆ ಎಷ್ಟು ಅಂಕಿ ಇವೆ ಎಂಬುದರ ಮೇಲೆಯೇ ಸಡಿಲಿನ ಮಿತಿ ನಿಲ್ಲುತ್ತದೆ. ಅಲ್ಲಿ ಸೊನ್ನೆ ಹೊಡೆದವನ ಮಾಲು ವಾಪಸ್ ಬರುತ್ತದೆ.

ಇಷ್ಟು ಹೇಳುವಾಗ ಡಾಕ್ಟರಾದ ಗೆಳೆಯನೊಬ್ಬ ನನ್ನನ್ನು ತಡೆದ. “ನಮ್ಮಲ್ಲಿ ಕೊನಿ ಸೊನ್ನಿ ಬರೀಬ್ಯಾಡ್ರಿ ಅಂತ ಕಟ್ಟುನಿಟ್ಟ ಹೇಳತಾರ, ಗೊತ್ತೇನು?” ಗೊತ್ತು. ಔಷಧದ ಚೀಟಿಯಲ್ಲಿ 1.0 ಮಿ.ಗ್ರಾಂ. ಎಂದು ಬರೆದರೆ ಬಿಂದು ಮಸುಕಾಗಿ 10 ಎಂದು ಓದುವ ಅಪಾಯವಿದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ಇದನ್ನು ‘ಬಳಸಬೇಡಿ’ ಪಟ್ಟಿಗೆ ಸೇರಿಸಿದೆ. ಇದು ನನ್ನ ವಾದಕ್ಕೆ ವಿರೋಧವೆಂದು ಗೆಳೆಯ ಭಾವಿಸಿದ್ದ. ಬೆಲೆ ಇಲ್ಲದ ವಸ್ತುವಿಗೆ ಯಾರಾದರೂ ನಿಷೇಧ ಹೇರುತ್ತಾರೆಯೆ? ಒಂದು ಸೊನ್ನೆ ಒಂದು ಡೋಸನ್ನು ಹತ್ತು ಮಾಡಬಲ್ಲದು ಎಂದು ತಿಳಿದವರು ಅದನ್ನು ಔಷಧದ ಚೀಟಿಯಿಂದ ಹೊರಗಿಟ್ಟಿದ್ದಾರೆ. ಅದೇ ಪಟ್ಟಿ .5 ಎಂದು ಬರೆಯುವುದನ್ನೂ ನಿಷೇಧಿಸುತ್ತದೆ, 0.5 ಎಂದೇ ಬರೆಯಬೇಕು. ನಮ್ಮ ಮಂತ್ರದ ಪ್ರಕಾರ ಈ ಎಡಗಡೆಯ ಸೊನ್ನೆಗೂ ಬೆಲೆ ಇಲ್ಲ, ಆದರೆ ಬಾಗಿಲಲ್ಲಿ ಅದು ನಿಂತಿರದಿದ್ದರೆ ಅರ್ಧ ಗುಳಿಗೆಯ ಜಾಗದಲ್ಲಿ ಐದು ಗುಳಿಗೆ ಹೊಟ್ಟೆಗೆ ಹೋಗುತ್ತವೆ. ಇನ್ನೂ ಒಂದು ಮಾತು ಅದೇ ಪಟ್ಟಿಯಲ್ಲಿದೆ. ಲ್ಯಾಬಿನ ವರದಿಯಂಥ ಕಡೆ, ಎಷ್ಟು ನಿಖರವಾಗಿ ಅಳೆದಿದ್ದೇವೆ ಎಂದು ತೋರಿಸಬೇಕಾದಲ್ಲಿ, ಕೊನೆಯ ಸೊನ್ನೆಯನ್ನು ಬರೆಯಬಹುದು. ಗೆಳೆಯ ಚಹಾ ಹೇಳಿದ.

ನಮ್ಮ ಮಕ್ಕಳಿಗೆ ಬಿಂದುವೇ ಎರಡು ನಾಲಿಗೆಯದು ಎಂಬುದನ್ನೂ ಯಾರೂ ಹೇಳಿಕೊಡುವುದಿಲ್ಲ. ಮೇಲೆ ನಾನೇ ಬರೆದ 8.30 ಗಂಟೆಯ ಬಿಂದು ದಶಮಾಂಶದ್ದಲ್ಲ. ಕ್ರಿಕೆಟ್ಟಿನ 4.3 ಓವರಿನದ್ದೂ ಅಲ್ಲ, ಅದು ನಾಲ್ಕು ಓವರು ಮೂರು ಚೆಂಡು. ಲಗ್ನದ ಬಯೋಡಾಟಾದಲ್ಲಿ ಹುಡುಗನ ಎತ್ತರ 5.10 ಎಂದಿರುತ್ತದೆ. ಗಣಿತದ ಮಾಸ್ತರರು ಅದರ ಕೊನೆಯ ಸೊನ್ನೆಯನ್ನು ಹೊಡೆದರೆ ವರ ಒಂಬತ್ತು ಇಂಚು ಕುಗ್ಗಿಹೋಗುತ್ತಾನೆ, ಸಂಬಂಧ ಮುರಿದರೂ ಮುರಿಯಬಹುದು! ಹೊಲದ ಮಾತು ಇನ್ನೂ ಗಂಭೀರ. ಎಕರೆಗೆ ನಲವತ್ತು ಗುಂಟೆ. ಎರಡೂವರೆ ಎಕರೆ ಎಂದರೆ ಪಹಣಿಯಲ್ಲಿ 2-20, ಎರಡು ಎಕರೆ ಐದು ಗುಂಟೆ ಎಂದರೆ 2-05. ಬಾಯಿಮಾತಿನ ‘ಎರಡು ಪಾಯಿಂಟ್ ಐದು’ ಇವೆರಡರಲ್ಲಿ ಯಾವುದು? ನಡುವೆ ಹದಿನೈದು ಗುಂಟೆ ಇದೆ, ಅಣ್ಣ-ತಮ್ಮಂದಿರು ಅದಕ್ಕಿಂತ ಕಡಿಮೆಗೆ ಕೋರ್ಟು ಕಂಡಿದ್ದಾರೆ. 5ರ ಎಡಕ್ಕೆ ಸೊನ್ನೆ ಇಟ್ಟ ತಲಾಟಿಯೇ ಅಲ್ಲಿ ಜಾಣ.

ಇನ್ನೊಂದು ಮಂತ್ರವೂ ನಮ್ಮ ಶಾಲೆಗಳಲ್ಲಿ ಓಡಾಡುತ್ತದೆ: ‘ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಹಚ್ಚು’. ಒಂದು ತರಗತಿಯಲ್ಲಿ ಸೊನ್ನೆ ಹಚ್ಚಿದರೆ ಹತ್ತು ಪಟ್ಟು, ಎರಡು ತರಗತಿ ದಾಟಿದರೆ ಅದೇ ಸೊನ್ನೆಗೆ ಬೆಲೆ ಇಲ್ಲ. ವಿಧೇಯ ಮಗು ಎರಡನ್ನೂ ಪಾಲಿಸುತ್ತದೆ. 2.5ನ್ನು ಹತ್ತರಿಂದ ಗುಣಿಸು ಎಂದರೆ ಮೊದಲ ನಿಯಮದಂತೆ ಸೊನ್ನೆ ಹಚ್ಚಿ 2.50 ಮಾಡುತ್ತದೆ, ಎರಡನೆಯದರಂತೆ ಬೆಲೆ ಇಲ್ಲದ ಸೊನ್ನೆಯನ್ನು ಹೊಡೆದು 2.5ಕ್ಕೆ ವಾಪಸ್ ಬರುತ್ತದೆ. ಹತ್ತರಿಂದ ಗುಣಿಸಿದರೂ ಸಂಖ್ಯೆ ಇದ್ದ ಹಾಗೇ ಇದೆ! ಅಂಕಿಗಳು ಒಂದೊಂದು ಮನೆ ಎಡಕ್ಕೆ ಸರಿದವು, ಪೂರ್ಣಸಂಖ್ಯೆಯಲ್ಲಾದರೆ ಖಾಲಿಯಾದ ಬಿಡಿಯ ಮನೆಗೆ ದಸ್ತಿ ಬಿತ್ತು ಎಂದು ಮೊದಲ ದಿನವೇ ತೋರಿಸಿದ್ದರೆ ಈ ಎರಡು ಮಂತ್ರಗಳೂ ಬೇಕಾಗುತ್ತಿರಲಿಲ್ಲ. ಹೊತ್ತು ಹಿಡಿಯುತ್ತದೆ, ಪೋರ್ಷನ್ ಮುಗಿಯುವುದಿಲ್ಲ ಎನ್ನುತ್ತಾರೆ. ಆರನೆಯ ಇಯತ್ತೆಯಲ್ಲಿ ಉಳಿಸಿದ ಆ ಹೊತ್ತನ್ನು ಹತ್ತನೆಯ ತನಕ ಬಡ್ಡಿ ಸಮೇತ ತೀರಿಸುತ್ತಿದ್ದೇವೆ.

ನನಗೆ ಎಲ್ಲಕ್ಕಿಂತ ನಗು ಬರುವುದು ‘ಸೊನ್ನೆ ಕೊಟ್ಟವರು ನಾವು’ ಎಂಬ ಭಾಷಣಗಳಿಗೆ. ಗಣಿತ ದಿನದಂದು ವೇದಿಕೆಯ ಮೇಲೆ ಜಗತ್ತಿಗೆ ಸೊನ್ನೆ ದಾನ ಮಾಡಿ, ಮರುದಿನ ತರಗತಿಗೆ ಬಂದು ಅದಕ್ಕೆ ಬೆಲೆ ಇಲ್ಲ ಎಂದು ಷರಾ ಬರೆಯುತ್ತೇವೆ. ಬೆಲೆ ಇಲ್ಲದ್ದನ್ನು ದಾನ ಕೊಟ್ಟದ್ದಕ್ಕೆ ಇಷ್ಟೊಂದು ಹೆಮ್ಮೆಯೇ? ಇರಲಿ, ಬಿಂದುವಿನ ಬಲಭಾಗದ ಸಾಲು ನಮ್ಮದೂ ಅಲ್ಲ. ನಮ್ಮ ಹಿರಿಯರ ಭಿನ್ನರಾಶಿ ಕಾಲು, ವೀಸ, ಕಾಣಿ ಎಂದು ನಾಲ್ಕರಿಂದ ಒಡೆಯುತ್ತ ಹೋಗುತ್ತಿತ್ತು. ದಶಮಾಂಶ ಭಿನ್ನರಾಶಿ ಅರಬ್ಬಿ, ಪಾರಸಿ ಗಣಿತಜ್ಞರ ಕೈಯಲ್ಲಿ ಬೆಳೆದು, 1585ರಲ್ಲಿ ಸೈಮನ್ ಸ್ಟೆವಿನ್ ಬರೆದ ಸಣ್ಣ ಪುಸ್ತಕದಿಂದ ಯುರೋಪಿನ ವ್ಯಾಪಾರಿಗಳಿಗೆ ತಲುಪಿತು. ನಮ್ಮ ಪಾಲಿಗೆ ಸಲ್ಲುವ ಕೀರ್ತಿ ಸೊನ್ನೆಯನ್ನು ಒಂದು ಸಂಖ್ಯೆಯಾಗಿ ಕೂರಿಸಿ ಮಾತಾಡಿಸಿದ್ದಕ್ಕೆ. 628ರಲ್ಲಿ ಬ್ರಹ್ಮಗುಪ್ತ ಅದರೊಡನೆ ಕೂಡುವ ಕಳೆಯುವ ನಿಯಮ ಬರೆದ. ನಮ್ಮ ನಾಡಿನವನೇ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಹೇಳಿ ಎಡವಿದ. ಆ ತಪ್ಪನ್ನು ಸ್ವಲ್ಪ ನಿಂತು ನೋಡಬೇಕು. ಏನೂ ಇಲ್ಲದ್ದರಿಂದ ಭಾಗಿಸುವುದೆಂದರೆ ಭಾಗಿಸದೇ ಬಿಡುವುದು ಎಂಬ ತರ್ಕ ಅದು. ‘ಸೊನ್ನೆ ಎಂದರೆ ಏನೂ ಇಲ್ಲ’ ಎಂಬ ನಂಬಿಕೆಗೆ ಬಲಿಯಾದ ಮೊದಲ ದೊಡ್ಡ ಮನುಷ್ಯ ಅವನಿರಬೇಕು. ಮುಂದೆ 12ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯ ಹಾಗೆ ಭಾಗಿಸಿದ್ದಕ್ಕೆ ‘ಖಹರ’ ಎಂಬ ಬೇರೆಯದೇ ಹೆಸರಿಟ್ಟು, ಅದು ಮೊದಲಿನ ಸಂಖ್ಯೆ ಅಲ್ಲವೆಂದು ದಾರಿ ತಿದ್ದಿದ. ಪಂಡಿತನೊಬ್ಬ ಮಾಡಿದ ತಪ್ಪನ್ನು ಪಂಡಿತರು ಮೂರು ಶತಮಾನದಲ್ಲಿ ಬಿಟ್ಟರು. ನಮ್ಮ ಗೈಡುಗಳು ಇನ್ನೂ ಬಿಟ್ಟಿಲ್ಲ.

ಆ ಸಂಜೆ ಹುಡುಗಿಗೆ ಪುಟದ ಮೇಲೆ ಉದ್ದಕ್ಕೆ ನಾಲ್ಕು ಗೆರೆ ಎಳೆಯಲು ಹೇಳಿದೆ. ಹತ್ತರ ಮನೆ, ಬಿಡಿಯ ಮನೆ, ಬಿಂದು, ದಶಾಂಶದ ಮನೆ, ಶತಾಂಶದ ಮನೆ. ಯಾವ ಮನೆಯನ್ನೂ ಖಾಲಿ ಬಿಡಬಾರದು ಎಂಬುದೊಂದೇ ಕರಾರು. ಅವಳು 3.90 ಬರೆದಳು, ಕೆಳಗೆ 1.50, ಅದರ ಕೆಳಗೆ 8.02. ಹತ್ತರ ಮನೆಗೆ ಏನು ಬರೆಯಲಿ ಎಂದು ಕೇಳಿ, ತಾನೇ ಯೋಚಿಸಿ ಮೂರು ಸೊನ್ನೆ ಹಾಕಿದಳು. ಉತ್ತರ 13.42 ಬಂತು. ಪೆನ್ಸಿಲ್ ಕಚ್ಚುತ್ತ ಸ್ವಲ್ಪ ಹೊತ್ತು ಅದನ್ನೇ ನೋಡಿ, “ಟೀಚರ್ ಇವೆಲ್ಲಾ ಸೊನ್ನಿ ಹೊಡದು ಹಾಕಿದ್ರ ಏನ್ ಮಾಡ್ಲಿ?” ಎಂದಳು. ಹೊಡೆದರೆ ಹೊಡೆಯಲಿ, ಪಕ್ಕದಲ್ಲಿ ನಿನ್ನ ಹಳೆಯ 8.56ನ್ನೂ ಬರೆದುಕೊಂಡು ಹೋಗು, ಎರಡರಲ್ಲಿ ನಮಗೆ ಬಂದ ನೀರು ಯಾವುದು ಎಂದು ಕೇಳು ಎಂದೆ. ನೋಟಬುಕ್ ಇನ್ನೂ ತಿದ್ದಿ ಬಂದಿಲ್ಲ.